ಪೂವಪ್ಪನ ತಾಯಿಯ ಓಟು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಊರಿನವರು ಹೇಳುವುದುಂಟು. ಸುಳ್ಳಲ್ಲ. ಆದರೆ ಬೇಕಾದ ಹೊತ್ತಿಗೆ ಆ ಸಿಟ್ಟು ಎಲ್ಲಿ ಹೋಗಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳಬೇಕಾದ ಕತೆ ಇದು. ಇದರಲ್ಲಿ ಬೈಸಿಕೊಳ್ಳಬೇಕಾದವರು ಬಹಳ ಮಂದಿ ಇದ್ದಾರೆ, ನಾನೂ ಅವರಲ್ಲಿ ಒಬ್ಬ.

ನನ್ನ ಹೆಸರು ಚೆನ್ನಯ್ಯ. ಕಾಸರಗೋಡಿನ ಹತ್ತಿರದ ನಾಯ್ಮಾರ್ಮೂಲೆಯಿಂದ ಒಳಗೆ ಎರಡು ಮೈಲು ನಡೆದರೆ ಸಿಗುವ ಎಲಿಮೆಂಟರಿ ಶಾಲೆಯಲ್ಲಿ ಆಗ ನಾನೊಬ್ಬನೇ ಮಾಸ್ಟ್ರು. ಶಾಲೆಯ ಹಿಂದಿನ ಗುಡ್ಡೆಯಲ್ಲಿ ಹದಿನೆಂಟು ಮನೆಗಳು, ಎಲ್ಲವೂ ಗೇಣಿ ಒಕ್ಕಲುಗಳದ್ದು. ಅದರಲ್ಲಿ ಒಂದು ಅಮ್ಮು ಅವರ ಮನೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ್ದರಿಂದ ನಾನು ಅಮ್ಮಕ್ಕ ಎಂದು ಕರೆಯುತ್ತಿದ್ದೆ. ಗಂಡ ಉಗ್ಗಪ್ಪ ತೀರಿಹೋಗಿ ಹತ್ತು ವರ್ಷವಾಗಿತ್ತು. ಒಬ್ಬನೇ ಮಗ ಪೂವಪ್ಪ ಕಾಸರಗೋಡಿನಲ್ಲಿ ಬೀಡಿ ಕಟ್ಟುತ್ತಿದ್ದ. ಅಲ್ಲೇ ಕಾರ್ಮಿಕರ ಸಂಘಕ್ಕೆ ಸೇರಿದ, ಸಂಘದಿಂದ ಕೆಂಪು ಬಾವುಟದ ಪಾರ್ಟಿಗೆ ಹೋದ.

ಸ್ವಾತಂತ್ರ್ಯ ಬಂದ ಮರುವರ್ಷವೇ ನಮ್ಮ ಕಡೆ ಯುದ್ಧ ಶುರುವಾಯಿತು. ಪತ್ರಿಕೆಯವರು ಅದಕ್ಕೆ ಗಲಭೆ ಎಂದು ಹೆಸರಿಟ್ಟರು. ಪತ್ರಿಕೆಯವರ ಮನೆಯ ಬಾಗಿಲನ್ನು ಯಾರೂ ಒದೆಯಲಿಲ್ಲವಲ್ಲ, ಅವರಿಗೆ ಅದು ಗಲಭೆಯೇ. ಈ ಸ್ವಾತಂತ್ರ್ಯವೇ ಸುಳ್ಳು ಎಂದು ಪಾರ್ಟಿಯವರು ಹೇಳಿದರು, ಹಾಗೆ ಹೇಳಿದವರೆಲ್ಲ ದೇಶದ್ರೋಹಿಗಳು ಎಂದು ಸರಕಾರ ಹೇಳಿತು. ಜಮೀನಿನ ಧನಿಗಳ ಪತ್ತಾಯದಿಂದ, ಎಂದರೆ ಕಣಜದಿಂದ, ಭತ್ತ ಎಳೆದು ಹಂಚಿದವರು ಒಕ್ಕಲಿನವರು, ಅವರನ್ನು ಹಿಡಿದು ಕೊಟ್ಟವರೂ ಒಕ್ಕಲಿನವರೇ. ಒಂದೇ ಮನೆಯ ಅಣ್ಣ ತಲೆಮರೆಸಿಕೊಂಡಿದ್ದರೆ ತಮ್ಮ ಪೊಲೀಸರಿಗೆ ದಾರಿ ತೋರಿಸುತ್ತಿದ್ದ. ಇದು ಯುದ್ಧವಲ್ಲದಿದ್ದರೆ ಯುದ್ಧ ಎಂದರೆ ಏನು ಎಂದು ತಿಳಿದವರು ಹೇಳಲಿ.

ಹೊರಗಿನಿಂದ ಬಂದ ಪೊಲೀಸರು ನಮ್ಮ ಶಾಲೆಯಲ್ಲೇ ಕ್ಯಾಂಪು ಹಾಕಿದರು. ಮಕ್ಕಳಿಗೆ ರಜೆ. ನಾನು ಬೀಗದ ಕೈ ಒಪ್ಪಿಸಿ ಮೂಲೆಯಲ್ಲಿ ನಿಂತೆ. ಪೂವಪ್ಪ ಎಲ್ಲಿದ್ದಾನೆ ಎಂದು ಕೇಳಲು ಅಮ್ಮಕ್ಕನನ್ನು ಕರೆತಂದರು. ಮೂರು ದಿನ ಬೆಳಗಿನಿಂದ ಸಂಜೆಯ ತನಕ ಜಗಲಿಯಲ್ಲಿ ನಿಲ್ಲಿಸಿದರು. ಬರೆದುಕೊಳ್ಳುವ ಪೊಲೀಸ್ ಕುರ್ಚಿಯಲ್ಲಿ ಕುಳಿತು ಹೆಸರು ಕೇಳಿದರೆ ಅವರದು ಒಂದೇ ಉತ್ತರ.

“ಪೂವಪ್ಪನ ತಾಯಿ.”

“ಅದು ಹೆಸರಾ? ನಿನ್ನ ಹೆಸರು ಹೇಳು.”

“ಪೂವಪ್ಪನ ತಾಯಿ.”

ಕೆನ್ನೆಗೆ ಹೊಡೆದ ಸದ್ದು ನನಗೆ ಕೇಳಿಸಿತು. ನಾನು ಆಗ ಬಾವಿಕಟ್ಟೆಯ ಹತ್ತಿರ ಇದ್ದೆ. ಅಲ್ಲಿಂದ ಜಗಲಿಗೆ ಹದಿನೈದು ಹೆಜ್ಜೆ. ಒಂದು ಹೆಜ್ಜೆಯನ್ನೂ ಹಾಕಲಿಲ್ಲ.

ಮೂರನೆಯ ಸಂಜೆ ಅವರನ್ನು ಬಿಟ್ಟ ಮೇಲೆ ಹದಿನೆಂಟು ಮನೆಯವರೂ ನಾನೂ ದೈವದ ಗುಡಿಯ ಎದುರು ಸೇರಿದೆವು. ಅಮ್ಮಕ್ಕನ ಪಕ್ಕದ ಮನೆಯ ಮೋಹಿನಿ ಬಾಯಿಯ ಜೋರಿನ ಹೆಂಗಸು. ಮಾತು ಎತ್ತಿದ್ದು ಅವಳೇ.

“ಇನ್ನು ಮುಂದೆ ಕೈಯಲ್ಲಿ ಕಾಗದ ಹಿಡಿದು ಯಾರೇ ಬರಲಿ, ಪಟೇಲರು ಬರಲಿ, ಬೇಕಾದರೆ ದಿಲ್ಲಿಯ ದೊರೆಯೇ ಬರಲಿ, ಅಮ್ಮಕ್ಕನ ಮನೆಯವರ ಹೆಸರು ನಮ್ಮ ಬಾಯಿಂದ ಹೊರಗೆ ಬೀಳಬಾರದು. ಎಲ್ಲರೂ ಆಣೆ ಹಾಕಿ.”

ಎಲ್ಲರೂ ಹಾಕಿದೆವು. ನಾನೂ ಹಾಕಿದೆ. ದೈವದ ಎದುರು ಕೊಟ್ಟ ಮಾತೆಂದರೆ ನಮ್ಮಲ್ಲಿ ಮಕ್ಕಳ ತಲೆಯ ಮೇಲೆ ಇಟ್ಟ ಮಾತು. ಮರುದಿನದಿಂದ ಯಾರೂ ಅವರನ್ನು ಅಮ್ಮಕ್ಕ ಎನ್ನಲಿಲ್ಲ, ಅಮ್ಮು ಎನ್ನಲಿಲ್ಲ. ನೀರಿಗೆ ಹೋಗುವಾಗಲೂ ಗದ್ದೆಯಲ್ಲಿ ಕೂಗುವಾಗಲೂ ಪೂವಪ್ಪನ ತಾಯಿ ಎಂದೇ ಕರೆದರು. ಪೂವಪ್ಪನನ್ನು ಮಾತ್ರ ಅದು ಕಾಯಲಿಲ್ಲ. ಎರಡು ತಿಂಗಳಲ್ಲಿ ಬದಿಯಡ್ಕದ ದಾರಿಯಲ್ಲಿ ಹಿಡಿದರು. ಅವನ ಮೇಲೆ ಕೇಸಿಲ್ಲ, ಕೋರ್ಟಿಲ್ಲ. ಸುಮ್ಮನೆ ಎತ್ತಿಕೊಂಡು ಹೋಗಿ ಎಲ್ಲೋ ದೂರದ ಜೈಲಿಗೆ ಹಾಕಿದರು.

ಗಣರಾಜ್ಯವಾದ ವರ್ಷ ಮಳೆ ಮುಗಿಯುತ್ತಲೇ ನನಗೆ ಹೊಸ ಕೆಲಸ ಬಂತು. ಮತದಾರರ ಪಟ್ಟಿ ಬರೆಯುವುದು. ಇಪ್ಪತ್ತೊಂದು ತುಂಬಿದ ಎಲ್ಲರಿಗೂ ಓಟು, ಗೇಣಿಯವನಿಗೂ ಓಟು, ಹೆಂಗಸಿಗೂ ಓಟು. ನಿಜ ಹೇಳಬೇಕೆಂದರೆ ನನಗೆ ಸಂತೋಷವಾಗಿತ್ತು. ಹೊಸ ಕಾಗದ, ಹೊಸ ಶಾಯಿ ಹಿಡಿದು ಮನೆ ಮನೆ ಹತ್ತಿದೆ. ಗಂಡಸರು ತಮ್ಮ ಹೆಸರನ್ನು ಎದೆ ಉಬ್ಬಿಸಿ ಹೇಳಿದರು. ಹೆಂಗಸರ ಹೆಸರು ಕೇಳಿದರೆ ಮಾತ್ರ ಹೆಣ್ಣು ನೋಡಲು ಬಂದವನನ್ನು ನೋಡಿದ ಹಾಗೆ ನೋಡುತ್ತಿದ್ದರು. ಇಂಥವನ ಹೆಂಡತಿ, ಇಂಥವನ ತಾಯಿ, ಅಷ್ಟೇ. ಗಂಡನ ಹೆಸರನ್ನಂತೂ ಯಾವ ಹೆಂಗಸೂ ನಾಲಿಗೆಯ ಮೇಲೆ ತರಲಿಲ್ಲ.

ಗುಡ್ಡೆಯ ಮನೆಯಲ್ಲಿ ಅಮ್ಮಕ್ಕ ನನ್ನ ಕೈಯ ಕಾಗದವನ್ನು ನೋಡಿ ಹೊಸ್ತಿಲ ಒಳಗೇ ನಿಂತರು.

“ಪೂವಪ್ಪನ ತಾಯಿ ಅಂತ ಬರೀರಿ ಮಾಸ್ಟ್ರೇ. ಅಷ್ಟು ಸಾಕು.”

“ಇದು ಪೊಲೀಸರದ್ದಲ್ಲ ಅಕ್ಕ. ಓಟಿನದ್ದು.”

“ಎಂತದೇ ಆಗಲಿ. ಕಾಗದ ಕಾಗದವೇ.”

ಹಾಗೆಯೇ ಬರೆದೆ. ಪೂವಪ್ಪನ ಹೆಸರನ್ನೂ ಬರೆದೆ, ಅದು ಹೇಗೂ ಸರಕಾರದ ಬಾಯಲ್ಲಿತ್ತು. ವಿಚಾರಣೆಯಿಲ್ಲದೆ ಒಳಗಿಟ್ಟವರಿಗೂ ಓಟು ಉಂಟು ಎಂದು ಮೇಲಿನವರು ತಿಳಿಸಿದ್ದರು. ಎಂಥಾ ದಯೆ!

ಮರುವರ್ಷ ಮೇಲಿನಿಂದ ಇನ್ನೊಂದು ಕಾಗದ ಬಂತು. ಸ್ವಂತ ಹೆಸರಿಲ್ಲದ ಹೆಂಗಸರನ್ನು ಪಟ್ಟಿಯಿಂದ ತೆಗೆದುಹಾಕಬೇಕು, ಒಂದು ತಿಂಗಳ ಒಳಗೆ ನಿಜ ಹೆಸರು ಸಿಕ್ಕಿದರೆ ಮಾತ್ರ ಉಳಿಸಬೇಕು ಎಂದು. ತಪ್ಪೇನೂ ಇಲ್ಲದ ಆಜ್ಞೆ. ಹೆಸರಿಲ್ಲದವಳು ಯಾರು ಎಂದು ಹೇಗೆ ಗೊತ್ತಾಗಬೇಕು? ನನಗೆ ಸಿಟ್ಟು ಬರುವುದು ಅದಕ್ಕಲ್ಲ. ಮೂರು ದಿನ ಕೆನ್ನೆಗೆ ಹೊಡೆದು ಹೆಸರು ಕೇಳಿದ ಸರಕಾರವೇ ಈಗ ಹೆಸರು ಹೇಳದಿದ್ದರೆ ಓಟಿಲ್ಲ ಎಂದಿತಲ್ಲ, ಅದಕ್ಕೆ. ಒಂದೇ ಬಾಯಿ, ಒಂದೇ ಪ್ರಶ್ನೆ. ಯಾವಾಗ ಉತ್ತರ ಕೊಡಬೇಕು, ಯಾವಾಗ ಕೊಡಬಾರದು ಎಂದು ಗುಡ್ಡೆಯ ಮೇಲಿನ ಹೆಂಗಸಿಗೆ ಕನಸು ಬೀಳಬೇಕಿತ್ತೇ?

ನಾನು ಎರಡನೆಯ ಸಲ ಹೊರಟೆ. ಜೊತೆಗೆ ಪಟೇಲರ ಉಗ್ರಾಣಿ, ಚಾವಡಿಯ ಆಳು. ಅವನು ಚಾವಡಿಗೆ ಕಾಲಾದರೆ ಪೊಲೀಸರಿಗೆ ಕಿವಿ, ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಬೇರೆ ಮನೆಗಳಲ್ಲಿ ಹೇಗೋ ಪುಸಲಾಯಿಸಿ ಹೆಸರುಗಳನ್ನು ಪಡೆದೆ. ಗುಡ್ಡೆಗೆ ಹೋದರೆ ಅಮ್ಮಕ್ಕನ ಬಾಗಿಲು ಮುಚ್ಚಿತ್ತು. ಮಗನನ್ನು ನೋಡಲು ರೈಲು ಹತ್ತಿದ್ದರು, ಬರಲು ಐದು ದಿನ ಎಂದರು. ಮೋಹಿನಿ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದಳು.

“ಪಕ್ಕದ ಮನೆಯ ಅಕ್ಕನ ಹೆಸರು ಹೇಳು ಮೋಹಿನಿ. ಪಟ್ಟಿಗೆ ಬೇಕು.”

ಅವಳು ನನ್ನ ಕಾಗದವನ್ನು ನೋಡಿದಳು, ಉಗ್ರಾಣಿಯನ್ನು ನೋಡಿದಳು, ಆಮೇಲೆ ನನ್ನನ್ನು ಕೊಂದುಬಿಡುವ ಹಾಗೆ ನೋಡಿದಳು.

“ಹೆಸರಾ? ನಮಗೆಂತ ಗೊತ್ತು? ಪೂವಪ್ಪನ ತಾಯಿ ಅಂತಲೇ ನಾವು ಕರೆಯುವುದು.”

ಇಪ್ಪತ್ತು ವರ್ಷ ಒಂದೇ ಬಾವಿಯ ನೀರು ಸೇದಿದವಳು! ಅವಳೊಬ್ಬಳೇ ಅಲ್ಲ. ಗುಡ್ಡೆಯ ಒಂದೊಂದು ಮನೆಯಲ್ಲೂ ಅದೇ ಮಾತು. ಕುರುಡು ಅಜ್ಜನಿಂದ ಹಿಡಿದು ಮೊನ್ನೆ ಮದುವೆಯಾಗಿ ಬಂದ ಸೊಸೆಯ ತನಕ ಯಾರಿಗೂ ಹೆಸರು ಗೊತ್ತಿಲ್ಲ. ಎಲ್ಲರೂ ಆಣೆಗೆ ತಪ್ಪದೆ, ಒಂದು ಕೂದಲೆಳೆಯಷ್ಟೂ ತಪ್ಪದೆ ನಡೆದುಕೊಂಡರು. ಒಳ್ಳೆಯವರು ಸೇರಿ ಇಷ್ಟು ದೊಡ್ಡ ಕೇಡು ಮಾಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆದರೆ ಅವರಿಗೆ ಆ ಕಾಗದದಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಪೆನ್ನು ನನ್ನ ಕೈಯಲ್ಲಿತ್ತು. ಅಮ್ಮು ಎಂದು ಬರೆಯಲು ಎಷ್ಟು ಹೊತ್ತು? ಎರಡಕ್ಷರ. ದೈವಕ್ಕೆ ಹೆದರಿದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡದ್ದುಂಟು. ಸುಳ್ಳು. ದೈವಕ್ಕೆ ಹೆದರಿದವನು ದೈವದ ಹತ್ತಿರ ಹೋಗಿ ಬಿಡುಗಡೆ ಕೇಳುತ್ತಾನೆ. ನಾನು ಹೆದರಿದ್ದು ಪಕ್ಕದಲ್ಲಿ ನಿಂತ ಉಗ್ರಾಣಿಗೆ. ಆ ಮನೆಯ ಹೆಸರು ಮಾಸ್ಟ್ರಿಗೆ ಚೆನ್ನಾಗಿ ಗೊತ್ತುಂಟು ಎಂದು ಅವನು ಪೊಲೀಸರಿಗೆ ಹೇಳಿ, ನಾನೂ ಪಾರ್ಟಿಯವನೇ ಎಂದಾದರೆ ನನ್ನ ಕೆಲಸದ ಗತಿ ಏನು ಎಂದು ಹೆದರಿದೆ. ‘ಹೆಸರು ತಿಳಿದುಬಂದಿಲ್ಲ’ ಎಂದು ಚಂದದ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ಅಮ್ಮಕ್ಕ ಊರಿಗೆ ಮರಳಿದ ಮೇಲೂ ವಾಯಿದೆಯಲ್ಲಿ ಹತ್ತು ದಿನ ಉಳಿದಿತ್ತು. ನಾಳೆ ಹೋಗುವ, ನಾಳಿದ್ದು ಹೋಗುವ ಎನ್ನುವುದರಲ್ಲಿ ಹತ್ತೂ ದಿನ ಕಳೆದುಹೋಯಿತು.

ಆ ವರ್ಷದ ಕೊನೆಗೆ ಪೂವಪ್ಪನ ಕಾಗದ ಬಂತು. ಅಮ್ಮಕ್ಕ ಅದನ್ನು ಓದಿಸಲು ಶಾಲೆಗೆ ತಂದರು. ಜೈಲಿನವರು ಅಲ್ಲಲ್ಲಿ ಮಸಿ ಬಳಿದಿದ್ದರು. ಉಳಿದದ್ದನ್ನು ಓದಿದೆ. ನನ್ನ ಮೇಲೆ ಕೇಸಿಲ್ಲ ಅಮ್ಮಾ, ಕೇಸಿಲ್ಲದೆ ಇಡಲು ದಿಲ್ಲಿಯಲ್ಲಿ ಒಂದು ಕಾಯಿದೆ ಮಾಡಿದ್ದಾರೆ, ಅದನ್ನು ವರ್ಷ ಕಳೆದ ಹಾಗೆ ಮತ್ತೆ ಹೊಸತು ಮಾಡುತ್ತಾರೆ, ಈಗ ನಿನಗೆ ಓಟು ಬಂದಿದೆ, ಆ ಕಾಯಿದೆ ತೆಗೆಯುವವನನ್ನು ಕಳಿಸು ಎಂದಿತ್ತು.

ಅಮ್ಮಕ್ಕ ಮಕ್ಕಳ ಬೆಂಚಿನಲ್ಲಿ ಕುಳಿತರು.

“ಆ ಕಾಯಿದೆ ಮಾಡಿದವರು ಯಾರು ಮಾಸ್ಟ್ರೇ?”

“ದಿಲ್ಲಿಯ ಸಭೆಯ ಮೆಂಬರುಗಳು.”

“ಅವರನ್ನು ಅಲ್ಲಿಗೆ ಕಳಿಸಿದ್ದು ಯಾರು?”

“ನಮ್ಮ ಕಡೆಯವರನ್ನಾದರೆ ಮದ್ರಾಸಿನ ಅಸೆಂಬ್ಲಿಯವರು.”

“ಮದ್ರಾಸಿನವರನ್ನು?”

“ಮೊದಲೆಲ್ಲ ಎಲ್ಲರಿಗೂ ಓಟು ಇರಲಿಲ್ಲ ಅಕ್ಕ. ಸರಕಾರಕ್ಕೆ ಭೂಮಿಯ ತೀರ್ವೆ ಕಟ್ಟುವವರು, ಓದಿದವರು, ಅಂಥವರು ಹಾಕಿದ್ದು.”

“ತೀರ್ವೆ ಕಟ್ಟುವುದು ಧನಿ. ನಾವು ಧನಿಗೆ ಗೇಣಿ ಕಟ್ಟುವವರು.” ಅವರು ಕಾಗದವನ್ನು ಮಡಿಸಿದರು. “ಹಾಗಾದರೆ ನನ್ನ ಮಗನನ್ನು ಒಳಗೆ ಹಾಕಿ ಅಂತ ನನ್ನ ಪರವಾಗಿ ಕೈ ಎತ್ತಿದ್ದು ಧನಿಯ ಜನ. ನನ್ನನ್ನು ಒಂದು ಮಾತು ಕೇಳಲಿಲ್ಲ.”

“ಇಲ್ಲ.”

“ಈ ಸಲ ಕೇಳುತ್ತಾರಲ್ಲ?”

ಆಗ ಹೇಳಬೇಕಿತ್ತು. ವಾಯಿದೆ ಕಳೆದಿತ್ತು, ಹೇಳಿದರೂ ಪ್ರಯೋಜನವಿರಲಿಲ್ಲ, ಆದರೂ ಹೇಳಬೇಕಿತ್ತು. “ಹೌದು, ಕೇಳುತ್ತಾರೆ” ಎಂದೆ. ಅವರು ಎದ್ದು ಹೋದರು. ಆ ದಿನದಿಂದ ಎಲೆಕ್ಷನ್ ಯಾವಾಗ ಎಂದು ದಾರಿಯಲ್ಲಿ ಸಿಕ್ಕಿದಾಗೆಲ್ಲ ಕೇಳುತ್ತಿದ್ದರು. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ದಿಲ್ಲಿಗೆ ಯಾವ ಪೆಟ್ಟಿಗೆ, ಮದ್ರಾಸಿಗೆ ಯಾವ ಪೆಟ್ಟಿಗೆ ಎಂದು ನನ್ನ ಬಾಯಿಂದ ನಾಲ್ಕು ಸಲ ಹೇಳಿಸಿಕೊಂಡರು. ನಾನು ನಾಲ್ಕು ಸಲವೂ ಹೇಳಿದೆ. ಪಟ್ಟಿ ತಿದ್ದುವವರು ಸೋಮಾರಿಗಳು, ಬಹುಶಃ ಆ ಸಾಲನ್ನು ಹೊಡೆಯಲು ಮರೆತಿರುತ್ತಾರೆ ಎಂಬ ಒಂದು ಹುಚ್ಚು ಆಸೆ ನನಗಿತ್ತು.

ಐವತ್ತೆರಡರ ಜನವರಿಯಲ್ಲಿ ಮತದಾನ. ನಮ್ಮ ಶಾಲೆಯೇ ಬೂತು. ಮಂಗಳೂರಿನಿಂದ ಬಂದ ಸಾಲ್ವದೊರ್ ಪಿಂಟೊ ಎಂಬವರು ಅಂದು ಬೂತಿನ ದೊಡ್ಡ ಅಧಿಕಾರಿ, ಯಾವುದೋ ಆಫೀಸಿನಲ್ಲಿ ಹೆಡ್ ಕ್ಲಾರ್ಕು. ಪಟ್ಟಿ ನೋಡಿ ಹೆಸರು ಹುಡುಕುವ ಕೆಲಸ ನನಗೆ. ಬಾಗಿಲಲ್ಲಿ ಲಾಠಿ ಹಿಡಿದ ಒಬ್ಬ ಪೊಲೀಸ್. ಬೆಂಚಿನಲ್ಲಿ ಅಭ್ಯರ್ಥಿಗಳ ಏಜೆಂಟರು. ಪೂವಪ್ಪನ ಪಾರ್ಟಿ ಬೆಂಬಲಿಸಿದ ಅಭ್ಯರ್ಥಿಯ ಪರವಾಗಿ ಕಾಸರಗೋಡಿನ ಹರಿನಾಥ ಕುಳಿತಿದ್ದ, ಓದಿದ ಹುಡುಗ, ಗುಡ್ಡೆಯ ಮನೆಮನೆಯ ಪರಿಚಯವಿತ್ತು.

ಒಂಬತ್ತು ಗಂಟೆಗೆ ಹೆಂಗಸರ ಸಾಲು ಜಗಲಿಯ ತನಕ ಬೆಳೆದಿತ್ತು. ಅಮ್ಮಕ್ಕ ಮುಂದಿನಿಂದ ಐದನೆಯವರು, ಹಿಂದೆ ಮೋಹಿನಿ. ಒಗೆದು ಮಡಿಸಿಟ್ಟ ಸೀರೆ, ತಲೆಗೆ ಎಣ್ಣೆ. ಮೂರು ದಿನ ಅವರನ್ನು ನಿಲ್ಲಿಸಿದ್ದ ಅದೇ ಜಗಲಿಯನ್ನು ದಾಟಿ ಒಳಗೆ ಬಂದರು. ಪೊಲೀಸನ ಕಡೆ ಕಣ್ಣು ಹಾಯಿಸಲೂ ಇಲ್ಲ.

“ಹೆಸರು?” ಪಿಂಟೊ ಕೇಳಿದರು.

“ಅಮ್ಮು.” ಇಡೀ ಕೋಣೆಗೆ ಕೇಳಿಸುವ ಹಾಗೆ ಹೇಳಿದರು. “ನನ್ನ ಹೆಸರು ಅಮ್ಮು. ಗಂಡನ ಹೆಸರು ಉಗ್ಗಪ್ಪ.”

ಹಿಂದೆ ಸಾಲಿನಲ್ಲಿದ್ದ ಹೆಂಗಸರು ಉಸಿರು ಬಿಗಿಹಿಡಿದರು. ಗಂಡ ಬದುಕಿದ್ದಾಗಲೂ ಸತ್ತ ಮೇಲೂ ಅವರ ಬಾಯಿಂದ ಆ ಹೆಸರನ್ನು ಯಾರೂ ಕೇಳಿರಲಿಲ್ಲ. ನಾನು ಪಟ್ಟಿಯ ಹಾಳೆ ಮಗುಚಿದೆ. ಯಾವ ಹಾಳೆ ಎಂದು ಹುಡುಕಬೇಕಾಗಿರಲಿಲ್ಲ. ಪೂವಪ್ಪ, ತಂದೆ ಉಗ್ಗಪ್ಪ, ಅಚ್ಚುಕಟ್ಟಾಗಿ ಇತ್ತು. ಕೆಳಗಿನ ಸಾಲು ‘ಪೂವಪ್ಪನ ತಾಯಿ’. ಅದರ ಮೇಲೆ ಉದ್ದಕ್ಕೆ ಕೆಂಪು ಗೆರೆ. ಸೋಮಾರಿಗಳು ಅದೊಂದು ಕೆಲಸವನ್ನು ಮಾತ್ರ ಸೋಮಾರಿತನ ಮಾಡದೆ ಮುಗಿಸಿದ್ದರು.

ಪಿಂಟೊ ಬಗ್ಗಿ ನೋಡಿ ಅವರೇ ಹೇಳಿದರು.

“ಹೊಡೆದು ಹಾಕಿದ್ದಾರೆ ಅಮ್ಮ. ನಿಮ್ಮ ಹೆಸರು ಇಲ್ಲ.”

“ಇಲ್ಲದೆ ಎಲ್ಲಿಗೆ ಹೋಗ್ತದೆ? ಪೂವಪ್ಪನ ತಾಯಿ ನಾನೇ. ಪೂವಪ್ಪನ ಹೆಸರು ಉಂಟಲ್ಲ?”

“ಅವರದ್ದು ಉಂಟು. ಜೈಲಿನಿಂದ ಅಂಚೆಯಲ್ಲಿ ಹಾಕಬಹುದು.”

“ಮಗನದ್ದು ಉಂಟು, ತಾಯಿಯದ್ದು ಇಲ್ಲ? ಅವನು ಆಕಾಶದಿಂದ ಉದುರಿದನಾ?”

ಮೋಹಿನಿ ಸಾಲು ಬಿಟ್ಟು ಮುಂದೆ ನುಗ್ಗಿ ಮೇಜನ್ನು ಎರಡು ಕೈಯಿಂದ ಹಿಡಿದುಕೊಂಡಳು.

“ಸ್ವಾಮೀ, ಹೆಸರು ಹೇಳದೆ ಇದ್ದದ್ದು ನಾವು. ದೈವದ ಎದುರು ಆಣೆ ಹಾಕಿದ್ದೆವು, ಪೊಲೀಸರಿಗೆ ಹೆದರಿ. ಆ ಪಾಪ ನನ್ನ ತಲೆಗೆ ಬರಲಿ. ಈಗ ಹೇಳ್ತೇನೆ, ಬರೆದುಕೊಳ್ಳಿ. ಅಮ್ಮು! ಇವರು ಅಮ್ಮು!”

ಸಾಲಿನಲ್ಲಿದ್ದ ಗುಡ್ಡೆಯ ಹೆಂಗಸರೆಲ್ಲ ಕೂಗತೊಡಗಿದರು. ಗಂಡಸರ ಸಾಲಿನಿಂದಲೂ ಕೂಗು ಬಂತು. ಮೂರು ವರ್ಷ ಬಾಯಿ ಹೊಲಿದುಕೊಂಡಿದ್ದ ಜನ ಆ ಹೆಸರನ್ನು ಗೋಡೆ ಬಿರಿಯುವ ಹಾಗೆ ಕೂಗಿದರು. ಪೊಲೀಸ್ ಲಾಠಿಯಿಂದ ಬಾಗಿಲಿಗೆ ಬಡಿದು ಸಾಲು, ಸಾಲು ಎಂದು ಗದರಿಸಿದ. ಪಿಂಟೊ ಕೆಟ್ಟ ಮನುಷ್ಯನಲ್ಲ. ಅವರ ಹಣೆ ಬೆವರಿತ್ತು.

“ನೀವೇ ಅಂತ ನನಗೆ ಗೊತ್ತಾಗ್ತದೆ ಅಮ್ಮ. ಆದರೆ ಪಟ್ಟಿಯಲ್ಲಿ ಇಲ್ಲದ್ದನ್ನು ನಾನು ಉಂಟು ಮಾಡಲಿಕ್ಕೆ ಆಗುವುದಿಲ್ಲ. ಬದಿಯಲ್ಲಿ ನೋಡಿ, ಆಗ ವಿಚಾರಿಸಿದವರು ಹೆಸರು ತಿಳಿದುಬಂದಿಲ್ಲ ಅಂತ ಬರೆದು ಸಹಿ ಹಾಕಿದ್ದಾರೆ.”

“ವಿಚಾರಿಸಿದ್ದು ಯಾರು?”

ಅವರು ನನ್ನನ್ನು ನೋಡಿದರು. ಅಮ್ಮಕ್ಕನೂ ನನ್ನ ಕಡೆ ತಿರುಗಿದರು. ಕೂಗಾಟ ಒಮ್ಮೆಗೇ ನಿಂತಿತು.

“ಮಾಸ್ಟ್ರೇ, ನಿಮಗೆ ನನ್ನ ಹೆಸರು ಗೊತ್ತಿರಲಿಲ್ಲವಾ?”

“ಗೊತ್ತಿತ್ತು.”

“ಮತ್ತೆ?”

ನಾನು ಪಟ್ಟಿಯ ಮೇಲಿನ ಕೆಂಪು ಗೆರೆಯನ್ನು ನೋಡಿದೆ. ಅವರು ನಾನು ಏನಾದರೂ ಹೇಳುತ್ತೇನೆ ಎಂದು ಕಾದರು. ಆಮೇಲೆ ಸೆರಗು ಸರಿಮಾಡಿಕೊಂಡು ಹೊರಗೆ ನಡೆದರು. ಮನೆಗೆ ಹೋಗಲಿಲ್ಲ. ಅಂಗಳದ ಗೋಳಿಮರದ ಕೆಳಗೆ, ಬೂತಿನ ಬಾಗಿಲು ಕಾಣುವ ಹಾಗೆ ಕುಳಿತರು. ಮೋಹಿನಿ ಓಟು ಹಾಕಿ ಬಂದು ಕರೆದರೂ ಏಳಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ನಾನು ಬಾವಿಗೆ ಹೋಗುವಾಗ ಹರಿನಾಥ ಅವರ ಹತ್ತಿರ ಕುಕ್ಕುರುಗಾಲಲ್ಲಿ ಕುಳಿತಿದ್ದ. ಪಿಸುಮಾತು ನನಗೆ ಕೇಳಿಸಿತು.

“ಕೆಳಗಿನ ಮನೆಯ ಜಲಜಾಕ್ಷಿ ಹೋದ ಮಳೆಗಾಲದಲ್ಲಿ ತೀರಿಹೋದರಲ್ಲ ಅಕ್ಕ, ಅವರ ಹೆಸರು ಪಟ್ಟಿಯಲ್ಲಿ ಹಾಗೇ ಉಂಟು. ಸಂಜೆ ಗಲಾಟೆಯಲ್ಲಿ ಸೆರಗು ಎಳೆದುಕೊಂಡು ಬನ್ನಿ. ನಾನು ಅಡ್ಡಿ ಮಾಡುವುದಿಲ್ಲ, ಮಾಸ್ಟ್ರು ಈಗ ಬಾಯಿ ಬಿಡಲಿಕ್ಕಿಲ್ಲ. ಪೂವಪ್ಪನಿಗಾಗಿ ಅಲ್ಲವಾ?”

ಅಮ್ಮಕ್ಕ ಅವನ ಮುಖಕ್ಕೆ ಉಗಿಯಲಿಲ್ಲ. ನಾನಾಗಿದ್ದರೆ ಉಗಿಯುತ್ತಿದ್ದೆ.

“ಮೂರು ವರ್ಷ ಹೆಸರು ನುಂಗಿಕೊಂಡು ಬದುಕಿದೆ ಮಗಾ. ಇವತ್ತು ಬಾಯಿ ಬಿಟ್ಟು ಹೇಳಿದೆ, ಗಂಡನ ಹೆಸರನ್ನೂ ಹೇಳಿದೆ. ಇನ್ನು ಸತ್ತವಳ ಹೆಸರು ಹೊತ್ತುಕೊಂಡು ಕಳ್ಳಿಯ ಹಾಗೆ ಒಳಗೆ ಹೋಗುವುದಾ? ನಿನ್ನ ಪಾರ್ಟಿಗೂ ನಾನು ಅಮ್ಮು ಆಗಿ ಬೇಡ, ಒಂದು ಓಟು ಆಗಿ ಬೇಕು. ಏಳು ಇಲ್ಲಿಂದ.”

ಅವನು ಎದ್ದು ಹೋದ. ಮತ್ತೆ ನಾವೆಲ್ಲ ಒಳಗೆ ಕುಳಿತು ಹೆಸರು ಓದಿದೆವು, ಬೆರಳಿಗೆ ಶಾಯಿ ಹಚ್ಚಿದೆವು. ಧನಿಯ ಮನೆಯವರು ಎತ್ತಿನಗಾಡಿಯಲ್ಲಿ ಬಂದರು. ಸತ್ತುಹೋಗಿದ್ದ ಚೋಮ ಎಂಬವನ ಓಟನ್ನು ಯಾರೋ ಹಾಕಿಯೂ ಹೋಗಿದ್ದರು, ಯಾವ ಏಜೆಂಟನೂ ಚಕಾರ ಎತ್ತಲಿಲ್ಲ. ನಾನು ಎತ್ತಿದೆನೇ? ಇಲ್ಲ.

ನಾಲ್ಕೂವರೆಗೆ ಸಾಲು ಕರಗಿತು. ಪಿಂಟೊ ನಿಮ್ಮ ಓಟನ್ನೂ ಹಾಕಿಬಿಡಿ ಎಂದು ನನಗೆ ಚೀಟಿಗಳನ್ನು ಕೊಟ್ಟರು. ನಾನು ಅದನ್ನು ಕಿಸೆಯಲ್ಲಿಟ್ಟು ಒಂದು ನಿಮಿಷ ಎಂದು ಹೇಳಿ ಗೋಳಿಮರದ ಹತ್ತಿರ ಹೋದೆ. ಬೆಳಗಿನಿಂದ ಒಂದು ಹನಿ ನೀರು ಕುಡಿಯದೆ ಕುಳಿತಿದ್ದ ಮುಖ. ನನಗೆ ಎದುರು ನಿಲ್ಲಲು ಆಗಲಿಲ್ಲ, ನೆಲದ ಮೇಲೆ ಕುಳಿತೆ.

“ಅಮ್ಮಕ್ಕ,” ಎಂದೆ. ಮೂರು ವರ್ಷದ ಮೇಲೆ ಹಾಗೆ ಕರೆದದ್ದು. “ನನ್ನ ಓಟು ಇನ್ನೂ ಹಾಕಲಿಲ್ಲ. ದಿಲ್ಲಿಗೆ ಯಾವ ಪೆಟ್ಟಿಗೆ ಅಂತ ನೀವು ಹೇಳಿ. ನೀವು ಹೇಳಿದ ಪೆಟ್ಟಿಗೆಗೇ ಹಾಕ್ತೇನೆ. ನಿಮ್ಮದೇ ಅಂತ ಎಣಿಸಿಕೊಳ್ಳಿ.”

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

“ನಿಮ್ಮದನ್ನು ನೀವು ಹಾಕಿ ಮಾಸ್ಟ್ರೇ,” ಎಂದರು. “ನನ್ನದನ್ನು ನನಗೆ ಕೊಡಿ.”

ಹಾಗೆಂದು ಬಲಗೈಯನ್ನು ನನ್ನ ಮುಂದೆ ಚಾಚಿದರು. ಭಿಕ್ಷೆಗೆ ಚಾಚಿದ್ದಲ್ಲ. ತೆಗೆದುಕೊಂಡು ಹೋದವನ ಹತ್ತಿರ ವಾಪಸು ಕೇಳುವ ಕೈ ಅದು. ನಾನು ಎದ್ದೆ. ಅವರು ಕೈ ಹಿಂದೆ ತೆಗೆದುಕೊಳ್ಳಲಿಲ್ಲ.

ಒಳಗೆ ಹೋಗಿ ನನ್ನ ಓಟು ಹಾಕಿದೆ. ಹಾಕದೆ ಬಿಟ್ಟಿದ್ದರೆ ಅದನ್ನೇ ದೊಡ್ಡ ತ್ಯಾಗವೆಂದು ಹೇಳಿಕೊಂಡು ತಿರುಗಬಹುದಿತ್ತು, ಅಷ್ಟು ಸುಲಭದಲ್ಲಿ ನನ್ನನ್ನು ಬಿಡುವ ಮನಸ್ಸು ನನಗಿರಲಿಲ್ಲ. ಕಿಟಕಿಯಿಂದ ನೋಡಿದರೆ ಆ ಕೈ ಹಾಗೆಯೇ ಇತ್ತು. ಮತದಾನ ಮುಗಿಯಿತು ಎಂದು ಐದಕ್ಕೆ ಸರಿಯಾಗಿ ಶಾಲೆಯ ಗಂಟೆ ಬಾರಿಸಬೇಕಾದವನೂ ನಾನೇ. ಬಾರಿಸಿದೆ.